ಸುವರ್ಣಶೋಧನೆ: ಬೆಂಕಿಯಿಂದ ನೀರಿಗೆ



ಕಷ್ಟಪರಂಪರೆಯನ್ನು ದಾಟಿ ಬಂದವನನ್ನು ಕುರಿತು ‘ಪುಟಕ್ಕಿಟ್ಟ ಚಿನ್ನದಂತಾದ’ ಎಂದು ನಾವೆಲ್ಲರೂ ಹೇಳುತ್ತೇವೆ. ಪ್ರವಚನಗಳಲ್ಲಿ ಆ ಮಾತು ಬಾರದ ದಿನವೇ ಅಪರೂಪ. ಬೆಂಕಿಗೆ ಹಾಕಿದರೆ ಬಂಗಾರ ಶುದ್ಧವಾಗುತ್ತದೆ ಎಂಬುದು ಆ ನುಡಿಯ ಹಿಂದಿರುವ ತಿಳಿವಳಿಕೆ. ಆದರೆ ಲೋಹವಿದ್ಯೆಯ ಇತಿಹಾಸವನ್ನು ಬಿಚ್ಚಿ ನೋಡಿದವರಿಗೆ ಸಂಗತಿ ಅಷ್ಟು ಸರಳವಾಗಿಲ್ಲವೆಂಬುದು ಗೋಚರವಾಗುತ್ತದೆ. ಬರಿಯ ಬೆಂಕಿ ಬಂಗಾರದೊಳಗಿನ ಬೆಳ್ಳಿಯನ್ನು ಅಲುಗಿಸಲಾರದು. ಎರಡನ್ನೂ ಒಂದೇ ಮೂಸೆಯಲ್ಲಿಟ್ಟು ಎಷ್ಟು ಊದಿದರೂ ಅವು ಕರಗಿ, ಮೊದಲಿಗಿಂತ ಹೆಚ್ಚು ಗಾಢವಾಗಿ ಬೆರೆತುಕೊಳ್ಳುತ್ತವೆಯೇ ಹೊರತು ಅಗಲುವುದಿಲ್ಲ. ಅವುಗಳನ್ನು ಅಗಲಿಸಿದ್ದು ಮೊದಲು ಉಪ್ಪು, ಅನಂತರ ಆಮ್ಲ, ಕಟ್ಟಕಡೆಗೆ ಸೋಸುವ ಒಂದು ಬಟ್ಟೆಯ ಚೂರು ಅಥವಾ ಕಾಗದದ ತುಂಡು. ಬೆಂಕಿಗೆ ನುಡಿಗಟ್ಟಿನಲ್ಲಿ ಸ್ಥಾನ ದೊರೆತಿದೆ. ಸೋಸುವ ಬಟ್ಟೆಗೆ ದೊರೆತಿಲ್ಲ. ಆ ಕೊರತೆಯನ್ನು ತುಂಬುವುದಕ್ಕಾಗಿಯೇ ಈ ಲೇಖನ ಎಂದರೂ ಆದೀತು.

ಮೊದಲು ಸಮಸ್ಯೆಯ ಸ್ವರೂಪವನ್ನು ತಿಳಿಯೋಣ. ನದಿಯ ಮರಳಿನಲ್ಲಿಯೋ ಬಂಡೆಯ ಸಿರದಲ್ಲಿಯೋ ದೊರೆಯುವ ನಿಸರ್ಗದ ಬಂಗಾರದಲ್ಲಿ ಬೆಳ್ಳಿ ಸಾಮಾನ್ಯವಾಗಿ ಬೆರೆತೇ ಇರುತ್ತದೆ. ಅಕ್ಕಸಾಲೆಯ ಕೈಗೆ ಬಂದ ಮೇಲೆ ತಾಮ್ರವೂ ಸೇರುತ್ತದೆ, ಬೆಸುಗೆಯ ಲೋಹಗಳೂ ಸೇರುತ್ತವೆ. ತಾಮ್ರವೇ ಮೊದಲಾದ ಹೀನ ಲೋಹಗಳನ್ನು ತೆಗೆಯುವುದಕ್ಕೆ ಸೀಸ ಸಾಕು. ಬಂಗಾರದೊಡನೆ ಸೀಸವನ್ನು ಕರಗಿಸಿ ಗಾಳಿ ಊದಿದರೆ, ಸೀಸವು ತಾನೂ ಭಸ್ಮವಾಗಿ ಉಳಿದ ಹೀನ ಲೋಹಗಳನ್ನೂ ಭಸ್ಮಮಾಡಿಕೊಂಡು ಮೂಸೆಯ ಮೈಯೊಳಗೆ ಇಂಗಿಹೋಗುತ್ತದೆ. ಬೆಳ್ಳಿ ಮಾತ್ರ ಬಂಗಾರದ ಹಾಗೆಯೇ ಕುಲೀನ ಲೋಹ. ಅದು ಅಲ್ಲಿಯೇ ಕುಳಿತಿರುತ್ತದೆ. ಬೆಳ್ಳಿಯನ್ನು ಕಳೆಯುವುದೇ ಸುವರ್ಣಶೋಧಕನ ನಿಜವಾದ ಪರೀಕ್ಷೆ.

ಈ ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಪುರಾತನ ಕುರುಹು ಇಂದಿನ ತುರ್ಕಿ ದೇಶದಲ್ಲಿರುವ ಸಾರ್ಡಿಸ್ ನಗರದಲ್ಲಿ ದೊರೆತಿದೆ. ಅದು ಲಿಡಿಯಾ ರಾಜ್ಯದ ರಾಜಧಾನಿಯಾಗಿದ್ದಿತು. ಐಶ್ವರ್ಯಕ್ಕೆ ಹೆಸರಾದ ಕ್ರೀಸಸ್ ಅರಸನು ಕ್ರಿ.ಪೂ. ಆರನೆಯ ಶತಮಾನದಲ್ಲಿ ಅಲ್ಲಿ ಆಳಿದನು. ಅಲ್ಲಿಯ ಪ್ಯಾಕ್ಟೋಲಸ್ ಹೊಳೆಯ ದಡದಲ್ಲಿ ಅಮೆರಿಕದ ವಿದ್ವಾಂಸರು 1968ರಲ್ಲಿ ಉತ್ಖನನ ನಡೆಸಿದಾಗ ಸಣ್ಣ ಸಣ್ಣ ಕುಲುಮೆಗಳೂ ಮೂಸೆಗಳೂ ಸಿಕ್ಕವು. ಬಂಗಾರವನ್ನು ತೆಳುವಾದ ತಗಡಾಗಿ ಬಡಿದು, ಮಡಕೆಯಲ್ಲಿ ಉಪ್ಪಿನ ಪುಡಿಯೊಡನೆ ಪದರಪದರವಾಗಿ ಜೋಡಿಸಿ, ಬಂಗಾರ ಕರಗದಷ್ಟು ಮಂದವಾದ ಉರಿಯಲ್ಲಿ ದೀರ್ಘಕಾಲ ಇರಿಸುತ್ತಿದ್ದರು. ಉಪ್ಪಿನಲ್ಲಿರುವ ಕ್ಲೋರೀನ್ ಅಂಶವು ಬೆಳ್ಳಿಯನ್ನು ಹಿಡಿದು ಮಡಕೆಯ ಗೋಡೆಗೂ ಇಟ್ಟಿಗೆಗೂ ಒಯ್ದು ಸೇರಿಸುತ್ತಿತ್ತು. ಕ್ರೀಸಸನು ಬಂಗಾರದ ನಾಣ್ಯವನ್ನೂ ಬೆಳ್ಳಿಯ ನಾಣ್ಯವನ್ನೂ ಬೇರೆ ಬೇರೆಯಾಗಿ ಅಚ್ಚುಹಾಕಲು ಸಾಧ್ಯವಾದದ್ದು ಈ ವಿದ್ಯೆಯಿಂದ. ಅದಕ್ಕೆ ಹಿಂದೆ ಲಿಡಿಯನ್ನರ ನಾಣ್ಯಗಳು ಎರಡೂ ಬೆರೆತ ಮಿಶ್ರಲೋಹದವಾಗಿದ್ದವು.

ನಮ್ಮ ದೇಶದಲ್ಲಿಯೂ ಈ ವಿದ್ಯೆ ತಿಳಿದಿದ್ದಿತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನಮ್ಮವರು ರಾಜನೀತಿಯ ಗ್ರಂಥವೆಂದಷ್ಟೇ ಬಲ್ಲರು. ಅದರ ಎರಡನೆಯ ಅಧಿಕರಣದಲ್ಲಿ ಸುವರ್ಣಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಒಂದು ಅಧ್ಯಾಯವುಂಟು. ಬಂಗಾರದಲ್ಲಿ ಎಷ್ಟು ಕಲ್ಮಷವಿದೆಯೋ ಅದರ ನಾಲ್ಕರಷ್ಟು ಸೀಸವನ್ನು ಹಾಕಿ ಶೋಧಿಸಬೇಕೆಂಬ ವಿಧಾನ ಅಲ್ಲಿದೆ, ಸೈಂಧವ ಲವಣದೊಡನೆ ಬಂಗಾರವನ್ನು ಕಾಯಿಸಿ ಕಾಂತಿಗೊಳಿಸುವ ಮಾತಿದೆ, ಒರೆಗಲ್ಲಿನ ಗುಣದೋಷಗಳಿವೆ. ಮುಂದಿನ ಅಧ್ಯಾಯದಲ್ಲಿ ಅಕ್ಕಸಾಲೆಗಳು ಬಂಗಾರವನ್ನು ಕದಿಯುವ ಉಪಾಯಗಳ ಪಟ್ಟಿಯೇ ಇದೆ. ಅದನ್ನು ಓದುವಾಗ ಕೌಟಿಲ್ಯನಿಗೆ ಮನುಷ್ಯ ಸ್ವಭಾವದಲ್ಲಿ ಎಷ್ಟು ಕಡಮೆ ನಂಬಿಕೆಯಿತ್ತೆಂದು ನಗು ಬರುತ್ತದೆ. ದಿಲ್ಲಿಯ ಟಂಕಸಾಲೆಯಲ್ಲಿದ್ದ ಠಕ್ಕುರ ಫೇರು ಎಂಬ ಜೈನ ವಿದ್ವಾಂಸನು 1318ರಲ್ಲಿ ರಚಿಸಿದ ‘ದ್ರವ್ಯಪರೀಕ್ಷಾ’, ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ಬರೆದ ‘ಐನ್-ಇ-ಅಕ್ಬರಿ’ ಇವೂ ಇದೇ ಪರಂಪರೆಯವು. ಅಕ್ಬರನ ಟಂಕಸಾಲೆಯಲ್ಲಿ ಬಂಗಾರದ ತಗಡುಗಳಿಗೆ ಪೆಟ್ಲುಪ್ಪು ಮತ್ತು ಹಸಿ ಇಟ್ಟಿಗೆಯ ಪುಡಿಯನ್ನು ಬಳಿದು ಬೆರಣಿಯ ಕಿಚ್ಚಿನಲ್ಲಿ ಮತ್ತೆ ಮತ್ತೆ ಸುಡುತ್ತಿದ್ದರು. ಬೆಳ್ಳಿಯನ್ನು ಹೀರಿಕೊಂಡ ಬೂದಿಯನ್ನು ಎಸೆಯದೆ ಅದರಿಂದ ಬೆಳ್ಳಿಯನ್ನು ಮರಳಿ ಪಡೆಯುತ್ತಿದ್ದರು.

ಹೀಗೆ ನೋಡಿದರೆ ‘ಪುಟ’ ಎಂಬ ನಮ್ಮ ಮಾತಿನೊಳಗೆ ಬೆಂಕಿ ಮಾತ್ರವಲ್ಲ, ಉಪ್ಪೂ ಅಡಗಿದೆ. ಉರಿಯು ಕಣ್ಣಿಗೆ ಕಾಣುವುದರಿಂದ ಕೀರ್ತಿಯೆಲ್ಲ ಅದಕ್ಕೆ ಸಂದಿತು.

ಇನ್ನು ಆಮ್ಲದ ವಿಷಯ. ಬಂಗಾರವನ್ನು ಆಮ್ಲದಿಂದ ಶೋಧಿಸುವ ವಿದ್ಯೆ ಉಪ್ಪಿನ ಪುಟಕ್ಕೆ ಹೋಲಿಸಿದರೆ ತೀರ ಈಚಿನದು. ಕ್ರಿ.ಶ. 1300ರ ಸುಮಾರಿನಲ್ಲಿ ಯೂರೋಪಿನಲ್ಲಿ ‘ಗೇಬರ್’ ಎಂಬ ಹೆಸರಿನ ಲ್ಯಾಟಿನ್ ಗ್ರಂಥಗಳು ಪ್ರಚಾರಕ್ಕೆ ಬಂದವು. ಎಂಟನೆಯ ಶತಮಾನದ ಅರಬ್ಬಿ ರಸಜ್ಞನಾದ ಜಾಬಿರ್ ಇಬ್ನ್ ಹಯ್ಯಾನನ ಕೀರ್ತಿಯನ್ನು ನೆಚ್ಚಿ ಯಾರೋ ಆ ಹೆಸರಿನ ಮರೆಯಲ್ಲಿ ಬರೆದರೆಂದು ವಿದ್ವಾಂಸರ ನಿರ್ಣಯ. ತನ್ನ ಹೆಸರನ್ನು ಅಳಿಸಿಕೊಂಡು ಹಿರಿಯನ ಹೆಸರಿನಲ್ಲಿ ಬರೆಯುವುದು ನಮ್ಮ ನಾಡಿನಲ್ಲಿಯೂ ಅಪರಿಚಿತವಲ್ಲ. ಅವುಗಳಲ್ಲಿ ಒಂದರಲ್ಲಿ ಪೆಟ್ಲುಪ್ಪು, ಪಟಿಕ ಮತ್ತು ವಿಟ್ರಿಯಾಲ್ ಎಂಬ ಲವಣವನ್ನು ಕೂಡಿಸಿ ಬಟ್ಟಿಯಿಳಿಸಿ ಒಂದು ತೀಕ್ಷ್ಣವಾದ ನೀರನ್ನು ಪಡೆಯುವ ಕ್ರಮ ಹೇಳಿದೆ. ಅದೇ ನೈಟ್ರಿಕ್ ಆಮ್ಲ. ಲ್ಯಾಟಿನ್ನಿನಲ್ಲಿ ಅದಕ್ಕೆ ‘ಬಲವಾದ ನೀರು’ ಎಂಬರ್ಥದ ಹೆಸರು. ಚಿನಿವಾರ ಪೇಟೆಯಲ್ಲಿ ಬಳಕೆಯಲ್ಲಿರುವ ‘ತೇಜಾಬು’ ಎಂಬ ಪಾರಸಿ ಪದಕ್ಕೂ ‘ತೀಕ್ಷ್ಣವಾದ ನೀರು’ ಎಂದೇ ಅರ್ಥ. ಈ ನೀರು ಬೆಳ್ಳಿಯನ್ನು ಕರಗಿಸುತ್ತದೆ, ಬಂಗಾರವನ್ನು ಮುಟ್ಟುವುದಿಲ್ಲ. ಆದರೆ ಅದಕ್ಕೆ ನವಸಾಗರವನ್ನು ಬೆರೆಸಿದರೆ ಬಂಗಾರವೂ ಕರಗುತ್ತದೆಂದು ಅದೇ ಗ್ರಂಥ ಮುಂದುವರಿದು ಹೇಳುತ್ತದೆ. ಲೋಹಗಳ ರಾಜನನ್ನು ಕರಗಿಸುವುದರಿಂದ ಅದು ‘ಆಕ್ವಾ ರೀಜಿಯಾ’, ರಾಜೋದಕ ಎನ್ನಿಸಿಕೊಂಡಿತು. ಭಾರತದ ರಸಗ್ರಂಥಗಳಲ್ಲಿ ಸುಮಾರು ಹದಿನಾರನೆಯ ಶತಮಾನದಿಂದ ಶಂಖವನ್ನೂ ಕರಗಿಸಬಲ್ಲ ‘ಶಂಖದ್ರಾವಕ’ದ ಪ್ರಸ್ತಾಪ ಬರುತ್ತದೆಂಬುದನ್ನು ಆಚಾರ್ಯ ಪ್ರಫುಲ್ಲಚಂದ್ರ ರಾಯರು ತಮ್ಮ ಹಿಂದೂ ರಸಾಯನಶಾಸ್ತ್ರದ ಇತಿಹಾಸದಲ್ಲಿ ತೋರಿಸಿಕೊಟ್ಟಿದ್ದಾರೆ.

ಇಂದು ರಾಜೋದಕವನ್ನು ಒಂದು ಪಾಲು ನೈಟ್ರಿಕ್ ಆಮ್ಲಕ್ಕೆ ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಮಾಡುತ್ತಾರೆ. ಇವೆರಡರಲ್ಲಿ ಯಾವುದೊಂದೂ ಪ್ರತ್ಯೇಕವಾಗಿ ಬಂಗಾರವನ್ನು ಕರಗಿಸಲಾರದು. ನೈಟ್ರಿಕ್ ಆಮ್ಲವು ಬಂಗಾರದ ಮೈಯಿಂದ ಎಣಿಕೆಗೆ ಸಿಗದಷ್ಟು ಅಲ್ಪವಾದ ಪರಮಾಣುಗಳನ್ನು ಸಡಿಲಿಸುತ್ತದೆ. ಅವು ಮರಳಿ ಹೋಗಿ ಅಂಟಿಕೊಳ್ಳುವ ಮುನ್ನವೇ ಎರಡನೆಯ ಆಮ್ಲದ ಕ್ಲೋರೈಡ್ ಅವನ್ನು ಸುತ್ತುವರಿದು ಹಿಡಿದುಬಿಡುತ್ತದೆ. ಒಬ್ಬನು ಬಾಗಿಲು ತೆರೆದರೆ ಮತ್ತೊಬ್ಬನು ಕೈಹಿಡಿದು ಹೊರಗೆ ಕರೆತಂದ ಹಾಗೆ. ಲಿಡಿಯಾದ ಮಡಕೆಯಲ್ಲಿ ಬೆಳ್ಳಿಯನ್ನು ಹಿಡಿದ ಆ ಉಪ್ಪಿನ ಅಂಶವೇ ಇಲ್ಲಿ ಬಂಗಾರವನ್ನು ಹಿಡಿಯುತ್ತದೆಂಬುದನ್ನು ವಾಚಕರು ಗಮನಿಸಬೇಕು.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಆಮ್ಲದಲ್ಲಿ ಬಂಗಾರ ಕರಗಿತೆಂದ ಮಾತ್ರಕ್ಕೆ ಶುದ್ಧವಾಯಿತೇ? ಇಲ್ಲ. ಪಾತ್ರೆಯಲ್ಲಿ ಹಳದಿ ಕೆಂಪು ಬಣ್ಣದ ನೀರಿದೆ. ಅದರಲ್ಲಿ ಬಂಗಾರವೂ ಇದೆ, ತಾಮ್ರವೂ ಇದೆ, ಧೂಳೂ ಮರಳೂ ಇವೆ, ಬೆಳ್ಳಿಯಂತೂ ಮೊಸರಿನ ಗರಣೆಯಂಥ ಬಿಳಿಯ ವಸ್ತುವಾಗಿ ತೇಲಾಡುತ್ತಿದೆ. ಕರಗಿಸುವುದು ಬೆರಸುವ ಕ್ರಿಯೆಯೇ ಆಯಿತು. ವಿಂಗಡಿಸುವ ಕ್ರಿಯೆ ಆರಂಭವಾಗುವುದು ಸೋಸಿದಾಗ. ಕನ್ನಡದಲ್ಲಿ ‘ಶೋಧಿಸು’ ಎಂಬ ಕ್ರಿಯಾಪದಕ್ಕೆ ಶುದ್ಧಮಾಡು, ಸೋಸು, ಹುಡುಕು ಎಂಬ ಮೂರು ಅರ್ಥಗಳಿವೆ. ಸುವರ್ಣಶೋಧಕನ ಕೆಲಸದಲ್ಲಿ ಈ ಮೂರೂ ಒಂದೇ ಎಡೆಯಲ್ಲಿ ನಡೆಯುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿ ಹೋದ ಹಳೆಯ ವಿದ್ಯಾರ್ಥಿಯೊಬ್ಬರು ಜಿಲ್ಲಾ ಪಟ್ಟಣವೊಂದರಲ್ಲಿ ಇದೇ ವೃತ್ತಿಯಲ್ಲಿದ್ದಾರೆ. ಅವರ ಕಾರ್ಯಾಗಾರದಲ್ಲಿ ನಾವು ಅರ್ಧ ದಿನ ಕುಳಿತು ನೋಡಿದೆವು. ಕರಗಿದ ದ್ರಾವಣವನ್ನು ಅವರು ಕೂಡಲೇ ಸೋಸಲಿಲ್ಲ. ಮೊದಲು ನೀರು ಬೆರೆಸಿ ತೆಳುಮಾಡಿದರು. ಕಾರಣ ಕೇಳಿದಾಗ ಎರಡು ಹೇಳಿದರು: ಪ್ರಬಲ ಆಮ್ಲವು ಸೋಸುವ ಕಾಗದವನ್ನೇ ತಿಂದುಹಾಕುತ್ತದೆ, ಅಲ್ಲದೆ ಪ್ರಬಲ ಆಮ್ಲದಲ್ಲಿ ಬೆಳ್ಳಿಯ ಕ್ಲೋರೈಡ್ ಸ್ವಲ್ಪ ಕರಗಿ ಅಡಗಿರುತ್ತದೆ, ನೀರು ಬಿದ್ದಾಗ ಅದೂ ಹೊರಬಂದು ತಳಕ್ಕಿಳಿಯುತ್ತದೆ. ಹಾಗೆ ತೆಳುಮಾಡಿ ರಾತ್ರಿಯಿಡೀ ಕದಲಿಸದೆ ಬಿಟ್ಟು, ಮೇಲಿನ ತಿಳಿಯನ್ನು ಮಡಿಸಿದ ಕಾಗದದ ಮೂಲಕ ಹನಿಹನಿಯಾಗಿ ಇಳಿಸುತ್ತಾರೆ. ಆ ಕೆಲಸದಲ್ಲಿ ಆತುರಪಟ್ಟವನಿಗೆ ಬಂಗಾರ ದಕ್ಕುವುದಿಲ್ಲ. ಕಾಗದದ ಮೇಲೆ ಉಳಿದ ಬಿಳಿಯ ಗಸಿ ಬೆಳ್ಳಿ. ಬಿಸಿಲಿಗೆ ಇಟ್ಟರೆ ನೇರಳೆಗೆ ತಿರುಗಿ ಕಪ್ಪಾಗುತ್ತದೆ. ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಲವಣಗಳ ಈ ಗುಣದಿಂದಲೇ ಛಾಯಾಚಿತ್ರ ಕಲೆ ಹುಟ್ಟಿತೆಂಬುದು ಬೇರೊಂದು ಕಥೆ.

ಕೆಳಗೆ ಇಳಿದ ನಿರ್ಮಲವಾದ ದ್ರಾವಣದಲ್ಲಿ ಬಂಗಾರವಿದೆ. ಆದರೆ ತಾಮ್ರವೂ ಇದೆ. ಈ ಹಂತದಲ್ಲಿ ಅನ್ನಭೇದಿಯ ನೀರನ್ನು ಹಾಕುತ್ತಾರೆ. ಅನ್ನಭೇದಿ ಎಂದರೆ ನಾಟಿ ವೈದ್ಯರ ಹಸುರು ಬಣ್ಣದ ಕಬ್ಬಿಣದ ಲವಣ. ಅದು ತಾಮ್ರವನ್ನು ತಡವದೆ ಬಂಗಾರವನ್ನು ಮಾತ್ರ ಲೋಹರೂಪಕ್ಕೆ ಮರಳಿಸಿ ತಳಕ್ಕಿಳಿಸುತ್ತದೆ. ಹಿಂದೆ ಹೇಳಿದ ವಿಟ್ರಿಯಾಲ್‌ಗಳ ಬಳಗದಲ್ಲಿ ಇದೂ ಒಂದು. ಯೂರೋಪಿನ ಶೋಧಕರು ನೈಟ್ರಿಕ್ ಆಮ್ಲವನ್ನು ಬಟ್ಟಿಯಿಳಿಸುವುದಕ್ಕೂ ಇದನ್ನು ಬಳಸುತ್ತಿದ್ದರು. ಬಂಗಾರವನ್ನು ಕರಗಿಸುವ ನೀರಿನ ಹುಟ್ಟಿಗೂ, ಕರಗಿದ ಬಂಗಾರದ ಮರುಹುಟ್ಟಿಗೂ ಒಂದೇ ಅಗ್ಗದ ಲವಣವು ಒದಗಿಬಂದದ್ದು ನಮಗಂತೂ ಬಹಳ ಸ್ವಾರಸ್ಯವಾಗಿ ತೋರುತ್ತದೆ.

ಮರಳಿ ಸೋಸಿದಾಗ ಕಾಗದದ ಮೇಲೆ ಉಳಿಯುವುದು ಬಂಗಾರ. ಆದರೆ ಅದನ್ನು ಕಂಡವರು ಬಂಗಾರವೆನ್ನಲಾರರು. ಕೆರೆಯ ತಳದ ಕೆಸರಿನಂಥ ಕಂದು ಬಣ್ಣದ ಪುಡಿ. “ಬುದ್ಧಿ, ಇದೇ ಅಪರಂಜಿ” ಎಂದು ಆ ಶಿಷ್ಯರು ನಮ್ಮ ಮುಂದೆ ಹಿಡಿದಾಗ, ಅವರು ನಮ್ಮಲ್ಲಿ ಓದಿದವರಲ್ಲದಿದ್ದರೆ ನಾವು ನಂಬುತ್ತಿದ್ದೆವೋ ಇಲ್ಲವೋ. ಅದನ್ನು ತೊಳೆದು, ಒಣಗಿಸಿ, ಬಿಳಿಗಾರ ಸೇರಿಸಿ ಮೂಸೆಯಲ್ಲಿಟ್ಟು 1064 ಡಿಗ್ರಿ ಸೆಲ್ಸಿಯಸ್ ದಾಟಿಸಿದಾಗ ಆ ಕೆಸರು ಕಣ್ಣು ತೆರೆಯಿತು. ಬೆಂಕಿಯ ಪಾಲಿಗೆ ಇಲ್ಲಿ ಉಳಿದದ್ದು ಈ ಕೊನೆಯ ಕೆಲಸ ಮಾತ್ರ. ಬಳಸಿದ ಕಾಗದಗಳನ್ನು ಅವರು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದರು. ವರ್ಷಕ್ಕೊಮ್ಮೆ ಅವುಗಳನ್ನು ಸುಟ್ಟು ಬೂದಿಯಿಂದ ಮತ್ತೆ ಬಂಗಾರ ತೆಗೆಯುತ್ತಾರಂತೆ. ಹಿಂದೆ ಅಕ್ಕಸಾಲೆಯ ಅಂಗಡಿಯ ಕಸವನ್ನು ಒಯ್ದು ತೊಳೆದು ಬಂಗಾರದ ಕಣ ಆರಿಸುತ್ತಿದ್ದ ಜಲಗಾರರ ವಿದ್ಯೆಯ ಮುಂದುವರಿಕೆಯೇ ಇದು.

ಸೋಸುವ ಸಾಧನಕ್ಕೂ ಒಂದು ಇತಿಹಾಸವಿದೆ. ವೈದ್ಯರ ‘ವಸ್ತ್ರಗಾಳಿತ’ ಚೂರ್ಣವನ್ನು ನಾವೆಲ್ಲ ಬಲ್ಲೆವು. ಯೂರೋಪಿನಲ್ಲಿಯೂ ಮೊದಲು ನಾರುಬಟ್ಟೆ, ಉಣ್ಣೆಯ ಕಂಬಳಿಗಳೇ ಶೋಧಕಗಳಾಗಿದ್ದವು. ಕಾಗದ ಬಂದ ಮೇಲೂ ಒಂದು ತೊಡಕು ಉಳಿಯಿತು. ಕಾಗದವನ್ನು ಗಸಿಯೊಡನೆ ಸುಟ್ಟು ತೂಗುವಾಗ ಕಾಗದದ ಬೂದಿಯೂ ತೂಕಕ್ಕೆ ಸೇರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಎಂಬ ಮಹಾ ರಸಾಯನಜ್ಞನು ಬೂದಿ ಅತ್ಯಲ್ಪವಾಗಿ ಉಳಿಯುವ ಕಾಗದವನ್ನೇ ಬಳಸಬೇಕೆಂದು ಹಠ ಹಿಡಿದನು. ಆ ದೇಶದ ಶೋಧಕ ಕಾಗದ ಲೋಕಪ್ರಸಿದ್ಧವಾಯಿತು.

ನೈಟ್ರಿಕ್ ಆಮ್ಲ ಒಂದರಿಂದಲೇ ಶೋಧಿಸುವ ಇನ್ನೊಂದು ಮಾರ್ಗವೂ ಉಂಟು. ಬಂಗಾರದಲ್ಲಿ ಬೆಳ್ಳಿ ಹೆಚ್ಚಾಗಿದ್ದರೆ ರಾಜೋದಕದಲ್ಲಿ ಬೆಳ್ಳಿಯ ಕ್ಲೋರೈಡ್ ಕವಚದಂತೆ ಕವಿದು ಆಮ್ಲವನ್ನು ಒಳಗೆ ಬಿಡುವುದಿಲ್ಲ. ಆಗ ಶುದ್ಧಿಗಾಗಿ ಮೊದಲು ಇನ್ನಷ್ಟು ಬೆರಕೆ ಮಾಡಬೇಕಾಗುತ್ತದೆ! ಒಂದು ಪಾಲು ಬಂಗಾರಕ್ಕೆ ಮೂರು ಪಾಲು ಬೆಳ್ಳಿಯಾಗುವಂತೆ ಕೂಡಿಸಿ ನೈಟ್ರಿಕ್ ಆಮ್ಲದಲ್ಲಿಟ್ಟರೆ ಬೆಳ್ಳಿಯೆಲ್ಲ ಕರಗಿ ಬಂಗಾರ ಉಳಿಯುತ್ತದೆ. 1556ರಲ್ಲಿ, ಕರ್ತೃವು ತೀರಿಕೊಂಡ ಮರುವರ್ಷ ಪ್ರಕಟವಾದ ಅಗ್ರಿಕೋಲನ ‘ದೆ ರೆ ಮೆಟಾಲಿಕಾ’ ಎಂಬ ಲೋಹಗ್ರಂಥದಲ್ಲಿ ಬಂಗಾರ ಬೆಳ್ಳಿಗಳನ್ನು ಆಮ್ಲದಿಂದ ಅಗಲಿಸುವ ಈ ವಿದ್ಯೆಯ ವಿವರಗಳಿವೆ. ಇಂದು ಒಡವೆಗೆ ಹಾಲ್‌ಮಾರ್ಕ್ ಹಾಕುವ ಮುನ್ನ ಮಾಡುವ ಬೆಂಕಿ ಪರೀಕ್ಷೆಯಲ್ಲಿಯೂ ಸೀಸ, ಬೆಳ್ಳಿ, ನೈಟ್ರಿಕ್ ಆಮ್ಲ ಈ ಮೂರೇ ಕೆಲಸ ಮಾಡುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಬೇರೆ ವಿಧಾನಗಳು ಬಂದವು. ಸಿಡ್ನಿ ಟಂಕಸಾಲೆಯ ಮಿಲ್ಲರ್ ಎಂಬಾತನು ಕರಗಿದ ಬಂಗಾರದೊಳಗೆ ಕ್ಲೋರೀನ್ ಅನಿಲವನ್ನು ಹಾಯಿಸುವ ವಿಧಾನಕ್ಕೆ 1867ರಲ್ಲಿ ಹಕ್ಕುಪತ್ರ ಪಡೆದನು. 1874ರಲ್ಲಿ ಹ್ಯಾಂಬರ್ಗಿನ ಎಮಿಲ್ ವೋಲ್‌ವಿಲ್ ವಿದ್ಯುತ್ತಿನಿಂದ ಶೋಧಿಸುವ ಕ್ರಮವನ್ನು ಕಂಡುಹಿಡಿದನು. ನಮ್ಮ ಕೋಲಾರದ ಗಣಿಗಳಲ್ಲಿ 2001ರ ಫೆಬ್ರವರಿಯಲ್ಲಿ ಕೆಲಸ ನಿಲ್ಲುವವರೆಗೂ ನಡೆದದ್ದು ಬೇರೆಯ ವಿದ್ಯೆ. ಅಲ್ಲಿ ಅದಿರಿನ ಪುಡಿಯಿಂದ ಬಂಗಾರವನ್ನು ಕರಗಿಸಿ ತೆಗೆದದ್ದು ಸಯನೈಡ್ ದ್ರಾವಣ. ಆ ಪುಡಿ ಇಂದಿಗೂ ಊರಿನ ಅಂಚಿನಲ್ಲಿ ಗುಡ್ಡಗಳಾಗಿ ನಿಂತಿದೆ, ಗಾಳಿ ಬಂದಾಗ ಮನೆಗಳೊಳಗೆ ನುಗ್ಗುತ್ತದೆ.

ಗಾಳಿಯ ಮಾತು ಬಂದುದರಿಂದ ಒಂದನ್ನು ಹೇಳದೆ ಮುಂದೆ ಹೋಗಲಾಗದು. ನೈಟ್ರಿಕ್ ಆಮ್ಲ ಲೋಹವನ್ನು ಕರಗಿಸುವಾಗ ಏಳುವ ಕಂದು ಹೊಗೆ ಪ್ರಾಣಾಂತಿಕವಾದದ್ದು. ಅದನ್ನು ಉಸಿರಾಡಿದವನಿಗೆ ಆಗ ಸ್ವಲ್ಪ ಕೆಮ್ಮು ಬಂದು ನಿಂತಂತೆ ತೋರುತ್ತದೆ. ಹಲವು ಗಂಟೆಗಳ ಮೇಲೆ, ಊಟಮಾಡಿ ಮಲಗಿದ ಹೊತ್ತಿನಲ್ಲಿ, ಶ್ವಾಸಕೋಶದೊಳಗೆ ನೀರು ತುಂಬಬಹುದು. ಆ ಶಿಷ್ಯರು ಹೊಗೆಯನ್ನು ಹೀರಿ, ಕ್ಷಾರದ ನೀರಿನಲ್ಲಿ ತೊಳೆದು ಬಿಡುವ ಗೂಡನ್ನು ಕಟ್ಟಿಸಿಕೊಂಡಿದ್ದಾರೆ; ಉಳಿದ ಆಮ್ಲವನ್ನು ಸುಣ್ಣದಿಂದ ಶಮನಗೊಳಿಸದೆ ಹೊರಗೆ ಚೆಲ್ಲುವುದಿಲ್ಲ. ಆದರೆ ಅವರ ಬೀದಿಯಲ್ಲಿಯೇ, ಕಿಟಕಿಯಿಲ್ಲದ ಕೋಣೆಯಲ್ಲಿ, ಬಾಗಿಲ ಬಳಿ ಮಗುವನ್ನು ಆಡಬಿಟ್ಟು ಇದೇ ಕೆಲಸ ಮಾಡುತ್ತಿದ್ದವರನ್ನೂ ನಾವು ನೋಡಿ ಬಂದೆವು. ಹಳೆಯ ಒಡವೆಯನ್ನು ಕೊಟ್ಟು ಹೊಸದನ್ನು ಕೊಳ್ಳುವ ಭಕ್ತರು, ತಮ್ಮ ಬಂಗಾರ ಯಾವ ಕೋಣೆಯನ್ನು ಹೊಕ್ಕು ಬರುತ್ತದೆಂದು ಒಮ್ಮೆಯಾದರೂ ಅಂಗಡಿಯವರನ್ನು ಕೇಳಬೇಕೆಂದು ನಮ್ಮ ಬಿನ್ನಹ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಶುದ್ಧಿಗಾಗಿ ಕರಗಿಸಿದ ಬಂಗಾರದ ವೃತ್ತಾಂತ. ಕಾಪಾಡುವುದಕ್ಕಾಗಿ ಬಂಗಾರವನ್ನು ಕರಗಿಸಿದ ಪ್ರಸಂಗವೊಂದು ಕಳೆದ ಶತಮಾನದಲ್ಲಿ ನಡೆದಿದೆ. ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿನಲ್ಲಿ ನೀಲ್ಸ್ ಬೋರ್ ಎಂಬ ವಿಶ್ವವಿಖ್ಯಾತ ಭೌತವಿಜ್ಞಾನಿಯ ಸಂಸ್ಥೆಯಿದ್ದಿತು. ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಬಂದ ಮೇಲೆ ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ಎಂಬ ಇಬ್ಬರು ಜರ್ಮನ್ ವಿಜ್ಞಾನಿಗಳು ತಮ್ಮ ನೊಬೆಲ್ ಪದಕಗಳನ್ನು ಅಲ್ಲಿ ಇರಿಸಿದ್ದರು. ಲಾವೆಯದು 1914ರದು, ಫ್ರಾಂಕರದು 1925ರದು. ಯೆಹೂದ್ಯರಾದ ಫ್ರಾಂಕರು 1933ರಲ್ಲಿಯೇ ಅಧ್ಯಾಪಕ ಪದವಿಗೆ ರಾಜೀನಾಮೆ ಕೊಟ್ಟು ದೇಶ ಬಿಟ್ಟಿದ್ದರು. ಲಾವೆ ಮಾತ್ರ ಜರ್ಮನಿಯಲ್ಲಿಯೇ ಉಳಿದು ಆ ಆಳ್ವಿಕೆಯನ್ನು ಪ್ರತಿಭಟಿಸುತ್ತಿದ್ದರು. ಆ ರಾಜ್ಯದಲ್ಲಿ ಬಂಗಾರವನ್ನು ಹೊರದೇಶಕ್ಕೆ ಕಳಿಸುವುದು ಘೋರ ಅಪರಾಧ. ಪದಕದ ಮೇಲಾದರೋ ಹೆಸರು ಕೆತ್ತಿರುತ್ತದೆ.

1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ಕೋಪನ್‌ಹೇಗನ್ನನ್ನು ಹೊಕ್ಕಿತು. ಸಂಸ್ಥೆಯಲ್ಲಿ ಹಂಗೆರಿಯ ರಸಾಯನಜ್ಞರಾದ ಜಾರ್ಜ್ ದ ಹೆವೆಶಿ ಇದ್ದರು. ಹೂಳೋಣವೆಂದು ಅವರು ಸೂಚಿಸಿದರು. ಹೂಳಿದ್ದನ್ನು ಅಗೆದು ತೆಗೆಯಬಹುದೆಂದು ಬೋರ್ ಒಪ್ಪಲಿಲ್ಲ. ಆಗ ಹೆವೆಶಿ ರಾಜೋದಕವನ್ನು ಸಿದ್ಧಪಡಿಸಿದರು. ಪದಕಗಳು ಇಪ್ಪತ್ತಮೂರು ಕ್ಯಾರಟ್ಟಿನ ಬಂಗಾರದವು, ದಪ್ಪವಾದವು. ಬಂಗಾರವು ಸುಲಭವಾಗಿ ಕರಗುವ ಲೋಹವೂ ಅಲ್ಲ. ಬೀದಿಯಲ್ಲಿ ಸೈನಿಕರು ನಡೆಯುತ್ತಿದ್ದ ಆ ದಿನ ಹೆವೆಶಿ ಆಮ್ಲದ ಪಾತ್ರೆಯ ಮುಂದೆ ನಿಂತು, ಆ ಹೆಸರುಗಳು ಅಳಿಯುವುದನ್ನು ಕಾಯುತ್ತಿದ್ದರು. ಸೈನಿಕರು ಸಂಸ್ಥೆಯನ್ನು ಶೋಧಿಸಿದರು. ಕಪಾಟಿನಲ್ಲಿದ್ದ ಕಿತ್ತಳೆ ಬಣ್ಣದ ದ್ರಾವಣವನ್ನು ಯಾರೂ ಮೂಸಿಯೂ ನೋಡಲಿಲ್ಲ.

1943ರಲ್ಲಿ ಬೋರರೂ ಹೆವೆಶಿಯವರೂ ಸ್ವೀಡನ್ನಿಗೆ ಪಾರಾದರು. ದ್ರಾವಣ ಅಲ್ಲಿಯೇ ಇದ್ದಿತು. ಯುದ್ಧ ಮುಗಿದ ಮೇಲೆ ನೋಡಿದರೆ ಅದು ಇಟ್ಟ ಸ್ಥಳದಲ್ಲಿಯೇ ಇದ್ದಿತು. ಅದರಿಂದ ಬಂಗಾರವನ್ನು ಮರಳಿ ಪಡೆದು, 1950ರಲ್ಲಿ ಸ್ಟಾಕ್‌ಹೋಮಿಗೆ ಕಳಿಸಿಕೊಟ್ಟರು. ಆ ಬಂಗಾರದಿಂದಲೇ ಪದಕಗಳನ್ನು ಮತ್ತೆ ಅಚ್ಚುಹಾಕಿದರು. ಅಜ್ಜಿಯ ಸರವನ್ನು ಕರಗಿಸಿದರೆ ಅಜ್ಜಿಯ ಬಂಗಾರವೇ ಹೋಯಿತೆಂದು ಮರುಗುವ ತಾಯಂದಿರಿಗೆ ನಾವು ಈ ಸಂಗತಿಯನ್ನು ಹೇಳುವುದುಂಟು. ಕೆಲವರು ಒಪ್ಪುತ್ತಾರೆ, ಕೆಲವರು, ಕೆತ್ತನೆಯ ಕುಸುರಿ ಮರಳಿ ಬಂತೇ ಎಂದು ಕೇಳುತ್ತಾರೆ. ಅವರ ಪ್ರಶ್ನೆಯಲ್ಲಿಯೂ ಸತ್ಯವಿದೆ.

ಫ್ರಾಂಕರಿಗೆ ಅವರ ಪದಕ ಮರಳಿ ಸಂದದ್ದು 1952ರಲ್ಲಿ, ಅಮೆರಿಕದಲ್ಲಿ. ಹೆವೆಶಿಯವರಿಗೂ ಅಷ್ಟರಲ್ಲಿ 1943ನೆಯ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿದ್ದಿತು. 1962ರಲ್ಲಿ ಪ್ರಕಟವಾದ ತಮ್ಮ ಸಂಶೋಧನಾ ಲೇಖನಗಳ ಸಂಗ್ರಹದಲ್ಲಿ ಅವರು ಆ ದಿನದ ಕೆಲಸವನ್ನು ಕೆಲವೇ ವಾಕ್ಯಗಳಲ್ಲಿ ಹೇಳಿ ಮುಗಿಸಿದ್ದಾರೆ.